ಥಂಡರ್‌ಬರ್ಡ್: ಮೇಲ್‌ಗೆ ಒಳ್ಳೆಯದೇ, ಪಾಸ್‌ವರ್ಡ್ ಕಾಟ ಬಿಡಿಸಿಕೊಂಡರೆ

ಗಂಗಾವತಿಯ ರೈಸ್ ಮಿಲ್ ಒಂದರ ಆಫೀಸಿನಲ್ಲಿ ವರ್ಷಗಳಿಂದ ಥಂಡರ್‌ಬರ್ಡ್ ಅನ್ನುವ ಮೇಲ್ ಸಾಫ್ಟ್‌ವೇರ್ ಬಳಸುತ್ತಿದ್ದೇವೆ. ದುಡ್ಡು ಕೊಡಬೇಕಿಲ್ಲ. ಹಳೇ ಸಿಸ್ಟಮ್‌ನಲ್ಲೂ ಓಡುತ್ತದೆ. ನೆಟ್ ಹೋದರೂ ಹೋದ ವರ್ಷದ ಸೋನಾ ಮಸೂರಿ ಆರ್ಡರ್ ಹುಡುಕಿ ತೆಗೆಯಬಹುದು. ನಮಗೆ ಇಷ್ಟೇ ಬೇಕಿದ್ದದ್ದು.

2025ರ ಬೇಸಿಗೆ ಸುಗ್ಗಿಯಲ್ಲಿ ಪಾಸ್‌ವರ್ಡ್ ಕಾಟ ಶುರುವಾಯಿತು. ಸರಿಯಾದದ್ದನ್ನೇ ಹಾಕಿ ಓಕೆ ಒತ್ತಿದರೂ ಅದೇ ಬಾಕ್ಸ್ ಮತ್ತೆ ಎದ್ದು ಬರುತ್ತಿತ್ತು. ಲಾರಿ ಗೇಟಿನಲ್ಲಿ ನಿಂತಿದೆ, ಇನ್‌ವಾಯ್ಸ್ ಮಾತ್ರ ಔಟ್‌ಬಾಕ್ಸ್ ಬಿಟ್ಟು ಕದಲುತ್ತಿಲ್ಲ!

ವಿಷಯ ಇಷ್ಟೇ. ಬರೀ ಪಾಸ್‌ವರ್ಡ್ ತೋರಿಸಿ ಒಳಗೆ ಬರುವ ಹಳೇ ಪದ್ಧತಿಯನ್ನು ಕಂಪನಿಗಳ ಜಿಮೇಲ್ ಅಕೌಂಟ್‌ಗಳಿಗೆ ಗೂಗಲ್ ಆ ವರ್ಷ ನಿಲ್ಲಿಸಿತು. ಪರ್ಸನಲ್ ಅಕೌಂಟ್‌ಗಳಿಗೆ 2022ರಲ್ಲೇ ನಿಂತಿತ್ತು. ಹಾಗಾಗಿ ಪಾಸ್‌ವರ್ಡ್ ಸರಿಯಿದ್ದರೂ ಸರ್ವರ್ ಒಪ್ಪುವುದಿಲ್ಲ. ಸುಮ್ನೆ ಪಾಸ್‌ವರ್ಡ್ ಬದಲಿಸಲು ಹೋಗಬೇಡಿ. ಎಲ್ಲರ ಮೊಬೈಲಿನಲ್ಲೂ ಮತ್ತೆ ಲಾಗಿನ್ ಮಾಡಿಸುವುದು ಇನ್ನೊಂದು ರಾಮಾಯಣ.

ಅಕೌಂಟ್ ಸೆಟ್ಟಿಂಗ್ಸ್‌ಗೆ ಹೋಗಿ, ಸರ್ವರ್ ಸೆಟ್ಟಿಂಗ್ಸ್‌ನಲ್ಲಿ 'ನಾರ್ಮಲ್ ಪಾಸ್‌ವರ್ಡ್' ಇರುವ ಕಡೆ 'ಓಆತ್2' (OAuth2, ಅಂದರೆ ಗೂಗಲ್‌ನದೇ ಪುಟದಲ್ಲಿ ಲಾಗಿನ್ ಆಗಿ ಒಪ್ಪಿಗೆ ಕೊಡುವ ಪದ್ಧತಿ) ಆರಿಸಿ. ಇಷ್ಟಕ್ಕೇ ಬಿಟ್ಟರೆ ಮೇಲ್ ಬರುತ್ತದೆ, ಹೋಗುವುದಿಲ್ಲ! ಕಳಿಸುವ ಸರ್ವರ್‌ಗೆ ಬೇರೆಯದೇ ಸೆಟ್ಟಿಂಗ್ ಇದೆ, ಎಡಗಡೆ ಪಟ್ಟಿಯ ತೀರಾ ತಳದಲ್ಲಿ, 'ಔಟ್‌ಗೋಯಿಂಗ್ ಸರ್ವರ್' ಅಂತ. ಅಲ್ಲೂ ಅದನ್ನೇ ಮಾಡಬೇಕು. ಎರಡನ್ನೂ ಒಂದೇ ಕಡೆ ಇಟ್ಟಿದ್ದರೆ ಏನಾಗುತ್ತಿತ್ತು? ನಾನು ಒಂದು ಸ್ಟಾರ್ ಕಡಿಮೆ ಕೊಡುತ್ತಿರುವುದು ಇದಕ್ಕೇ.

ಆಮೇಲೆ ಥಂಡರ್‌ಬರ್ಡ್‌ನ ಮುಖ್ಯ ಸೆಟ್ಟಿಂಗ್ಸ್‌ಗೆ ಹೋಗಿ, ಪ್ರೈವಸಿ ಅಂಡ್ ಸೆಕ್ಯುರಿಟಿಯಲ್ಲಿ 'ಸೇವ್ಡ್ ಪಾಸ್‌ವರ್ಡ್ಸ್' ತೆರೆಯಿರಿ. ಆ ಅಕೌಂಟಿನ ಹೆಸರಲ್ಲಿ ಐಮ್ಯಾಪ್‌ದೊಂದು (ಮೇಲ್ ಬರುವುದಕ್ಕೆ), ಎಸ್‌ಎಂಟಿಪಿದೊಂದು (ಕಳಿಸುವುದಕ್ಕೆ) ಸಾಲು ಇರುತ್ತದೆ. ಎರಡನ್ನೂ ಅಳಿಸಿ. ಅದೇ ಪುಟದಲ್ಲಿ ಕುಕೀಸ್‌ಗೆ ಟಿಕ್ ಇದೆಯಾ ನೋಡಿ, ಇಲ್ಲದಿದ್ದರೆ ಗೂಗಲ್ ಲಾಗಿನ್ ಮುಗಿಯುವುದೇ ಇಲ್ಲ. ಥಂಡರ್‌ಬರ್ಡ್ ಮುಚ್ಚಿ ತೆರೆದರೆ ಲಾಗಿನ್ ಕಿಟಕಿ ಬರುತ್ತದೆ. ಒಮ್ಮೆ ಒಪ್ಪಿಗೆ ಕೊಟ್ಟರೆ ಮುಗಿಯಿತು. ನಮ್ಮಲ್ಲಿ ಆಮೇಲೆ ಕೇಳಿಲ್ಲ.

ತೂಕದ ರೂಮಿನ ಸಿಸ್ಟಮ್ ಮಾತ್ರ ಇಷ್ಟಕ್ಕೂ ಬಗ್ಗಲಿಲ್ಲ. ಕರೆಂಟು ಹೋಗಿ ಬಂದಾಗಲೆಲ್ಲ ಅದರ ತಾರೀಖು ಎಷ್ಟೋ ವರ್ಷ ಹಿಂದಕ್ಕೆ ಓಡುತ್ತಿತ್ತು. ತಾರೀಖು ತಪ್ಪಿದ್ದರೆ ಸರ್ಟಿಫಿಕೇಟ್ ಎರರ್ ಬರುತ್ತದೆ, ಲಾಗಿನ್ ಪುಟ ತೆರೆಯುವುದಿಲ್ಲ. ಮದರ್‌ಬೋರ್ಡ್‌ನ ಬಟನ್ ಸೆಲ್ ಸತ್ತಿತ್ತು, ಅಷ್ಟೇ. ಸಿಆರ್2032 ಅಂತ ಕೇಳಿ, ವಾಚ್ ಅಂಗಡಿಯಲ್ಲೇ ಸಿಗುತ್ತದೆ.