ಪತ್ತೇದಾರಿ ಪಡೆಯಲ್ಲಿ ಸಣ್ಣವರಿಗೇನು ಕೆಲಸ?

ಮಕ್ಕಳಿಗೆ ಪತ್ತೇದಾರಿ ಪುಸ್ತಕ ಕೊಳ್ಳುವಾಗ ಹೆಚ್ಚಿನವರು ತಾವು ಚಿಕ್ಕಂದಿನಲ್ಲಿ ಓದಿದ್ದನ್ನೇ ತರುತ್ತಾರೆ. ನಾನು ನೋಡುವುದು ಒಂದೇ: ಆ ಪಡೆಯಲ್ಲಿ ಎಲ್ಲರಿಗಿಂತ ಸಣ್ಣ ಮಗುವಿಗೆ ಬರೆದವರು ಏನು ಕೆಲಸ ಕೊಟ್ಟಿದ್ದಾರೆ? ಪುಣೆಯ ಹಡಪ್ಸರದ ನಮ್ಮ ಸೊಸೈಟಿಯಲ್ಲಿ ರಾತ್ರಿ ಊಟವಾದ ಮೇಲೆ ನನ್ನ ಮುಂದೆ ಬಂದು ಕೂರುವ ಮಕ್ಕಳಲ್ಲಿ ಏಳು ವರ್ಷದವನೂ ಇದ್ದಾನೆ, ಹನ್ನೆರಡರವಳೂ ಇದ್ದಾಳೆ. ಹುಬ್ಬಳ್ಳಿ, ವಿಜಯಪುರ, ಕಲಬುರಗಿ ಕಡೆಯ ಮನೆಗಳ ಮಕ್ಕಳು. ಶಾಲೆಯಲ್ಲಿ ಇಂಗ್ಲಿಷು, ಆಟಕ್ಕೆ ಮರಾಠಿ, ನನ್ನ ಹತ್ತಿರ ಕನ್ನಡ. ಇಂಗ್ಲಿಷ್ ಪುಸ್ತಕ ತೊಡೆಯ ಮೇಲಿಟ್ಟುಕೊಂಡು ಕನ್ನಡದಲ್ಲಿ ಹೇಳುತ್ತ ಹೋಗುತ್ತೇನೆ. ಕಥೆಯಲ್ಲಿ ಸಣ್ಣವರಿಗೆ ಕೆಲಸವಿಲ್ಲದಿದ್ದರೆ ನಮ್ಮ ಸಣ್ಣವನು ಎದ್ದು ಹೋಗಿ ಫ್ಯಾನಿನ ರೆಗ್ಯುಲೇಟರ್ ತಿರುಗಿಸುತ್ತ ನಿಲ್ಲುತ್ತಾನೆ.

ನಾಲ್ಕು ಮಕ್ಕಳು, ಒಂದು ನಾಯಿಯ ಫೇಮಸ್ ಫೈವ್ ಸರಣಿ ಶುರುವಾದಾಗ ಅವನು ಕೂತೇ ಇದ್ದ, ನಿಜ. ದ್ವೀಪ, ಬಿರುಗಾಳಿಗೆ ಸಮುದ್ರದ ತಳದಿಂದ ಎದ್ದು ಬಂಡೆಯ ಮೇಲೆ ಬಂದು ಕೂತ ಹಳೇ ಹಡಗು, ಅದರೊಳಗಿನ ಪೆಟ್ಟಿಗೆ, ಪೆಟ್ಟಿಗೆಯಲ್ಲಿ ನಕ್ಷೆ. ಯಾವ ಮಗು ಬಿಡುತ್ತದೆ? 1942ರಲ್ಲಿ ಎನಿಡ್ ಬ್ಲೈಟನ್ ಬರೆದ ಈ ಮೊದಲ ಪುಸ್ತಕದ ಓಟಕ್ಕೆ ಇವತ್ತಿಗೂ ಮುಪ್ಪು ಬಂದಿಲ್ಲ. 1963ರವರೆಗೆ ಒಟ್ಟು 21 ಪುಸ್ತಕ ಬಂದವು. ಆದರೆ ನಾಲ್ಕಾರು ಓದಿದ ಮೇಲೆ ಗೊತ್ತಾಗುವುದು, ಇಲ್ಲಿ ಪತ್ತೆ ಮಾಡುವ ಕೆಲಸವೇ ಕಡಿಮೆ. ಸುರಂಗ ತಾನಾಗಿ ಸಿಗುತ್ತದೆ, ಕಳ್ಳರು ತಾವಾಗಿ ಎದುರಿಗೆ ಬರುತ್ತಾರೆ, ಟಿಮ್ಮಿ ನಾಯಿ ಗುರ್ ಎನ್ನುತ್ತದೆ. ಕಿರಿಯವಳು ಆನ್, ಮೊದಲ ಪುಸ್ತಕದಲ್ಲಿ ಹತ್ತು ವರ್ಷದವಳು. ಮುಂದೆ ಹೋಗುತ್ತ ಅವಳ ಪಾಲಿಗೆ ಬರುವುದು ಹಾಸಿಗೆ ಹಾಸು, ತಟ್ಟೆ ತೊಳೆ, ಡಬ್ಬಿ ಜೋಡಿಸು. ಹುಡುಗನ ಹಾಗೆ ಕೂದಲು ಕತ್ತರಿಸಿಕೊಂಡ ಜಾರ್ಜ್ ಎಂಬ ಹುಡುಗಿಯನ್ನು ಸೃಷ್ಟಿಸಿದ ಕೈಯೇ ಆನ್‌ಳನ್ನು ಅಡುಗೆಮನೆಗೆ ಕಳಿಸಿದ್ದು ನನಗೆ ಸರಿಬರುವುದಿಲ್ಲ. ನಮ್ಮ ದೊಡ್ಡವಳು ಕೇಳಿಯೇ ಬಿಟ್ಟಳು: "ಕಾಕೂ, ಈಕೀಗೆ ಯಾರೂ ಭಾಂಡೇವಾಲಿ (ಪಾತ್ರೆ ತೊಳೆಯುವವಳು) ಸಿಗಲಿಲ್ಲೇನ್ರಿ?"

ಬ್ಲೈಟನ್ನಿನದೇ ಇನ್ನೊಂದು ಸರಣಿ ಸೀಕ್ರೆಟ್ ಸೆವೆನ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಶೆಡ್ಡು, ಬ್ಯಾಡ್ಜು, ಗುಟ್ಟಿನ ಮಾತು, ಇಷ್ಟನ್ನು ಮಕ್ಕಳು ತೆಗೆದುಕೊಂಡರು, ಕಥೆಯನ್ನು ಬಿಟ್ಟರು. ಏಳು ಜನರಲ್ಲಿ ಪ್ಯಾಮ್ ಯಾರು, ಬಾರ್ಬರಾ ಯಾರು ಎಂದು ಹೇಳುತ್ತಿದ್ದ ನನಗೇ ನೆನಪಿರುತ್ತಿರಲಿಲ್ಲ.

ಅದೇ ಬ್ಲೈಟನ್ನಿನ ಫೈವ್ ಫೈಂಡ್‌ಔಟರ್ಸ್ ಸರಣಿ ಬೇರೆಯೇ ದರ್ಜೆಯದು. 1943ರಿಂದ 1961ರವರೆಗೆ 15 ಪುಸ್ತಕ. ಇಲ್ಲಿ ದ್ವೀಪವಿಲ್ಲ, ಸುರಂಗದ ಹಂಗಿಲ್ಲ. ಪೀಟರ್ಸ್‌ವುಡ್ ಎಂಬ ಹಳ್ಳಿ, ಅಲ್ಲಿ ಸುಟ್ಟುಹೋದ ಒಂದು ಮನೆ, ಇಲ್ಲವೇ ಕಳೆದುಹೋದ ಬೆಕ್ಕು. ಮಕ್ಕಳು ಶಂಕಿತರ ಪಟ್ಟಿ ಮಾಡುತ್ತಾರೆ, ಯಾರು ಯಾವ ಹೊತ್ತಿಗೆ ಎಲ್ಲಿದ್ದರು ಎಂದು ಒಬ್ಬೊಬ್ಬರನ್ನೇ ಮಾತಾಡಿಸಿ ಬರುತ್ತಾರೆ, ಹೆಸರು ಹೊಡೆದು ಹಾಕುತ್ತ ಹೋಗುತ್ತಾರೆ. ಊರಿನ ಪೊಲೀಸಪ್ಪ ಗೂನ್ ಇವರನ್ನು ಕಂಡಲ್ಲೆಲ್ಲ ಓಡಿಸುತ್ತಾನೆ. ಮುಖಂಡ ಫ್ಯಾಟಿ ಜಂಬದ ಕೋಳಿ. ದಪ್ಪ ಹುಡುಗನನ್ನು ಹಾಗೆ ಕರೆಯುವುದು ಈಗ ಕಿವಿಗೆ ಒಗ್ಗುವುದಿಲ್ಲ, ನಾನು ಅವನ ನಿಜ ಹೆಸರು ಫ್ರೆಡ್ರಿಕ್ ಎಂದೇ ಹೇಳಿದೆ. ಎಲ್ಲರಿಗಿಂತ ಕಿರಿಯವಳು ಬೆಟ್ಸ್, ಎಂಟು ವರ್ಷ. ದೊಡ್ಡವರು ಬುದ್ಧಿವಂತಿಕೆ ಮೆರೆಯುತ್ತಿರುವಾಗ ಇವಳು ಏನೋ ಪೆದ್ದು ಪ್ರಶ್ನೆ ಕೇಳುತ್ತಾಳೆ, ಗಂಟು ಸಡಿಲಾಗುವುದು ಎಷ್ಟೋ ಸಲ ಅಲ್ಲಿಂದಲೇ. ಬೆಟ್ಸ್ ಬಾಯಿ ತೆರೆದಾಗಲೆಲ್ಲ ನಮ್ಮ ಸಣ್ಣವನು ಮುಂದಕ್ಕೆ ಜರುಗಿ ಕೂರುತ್ತಿದ್ದ.

ಈ ಸರಣಿಯ ಇನ್ನೊಂದು ಲಾಭ, ಓದಿದ್ದನ್ನು ಮಾಡಿ ನೋಡಬಹುದು. ಲಿಂಬೆರಸದಲ್ಲಿ ಬರೆದು ಇಸ್ತ್ರಿ ಪೆಟ್ಟಿಗೆ ಒತ್ತಿದರೆ ಕಂದು ಅಕ್ಷರ ಏಳುತ್ತದೆ, ಇದು ಎಲ್ಲರಿಗೂ ಗೊತ್ತು. ಬೀಗ ಹಾಕಿದ ಕೋಣೆಯಿಂದ ಹೊರಬರುವ ಫ್ರೆಡ್ರಿಕ್‌ನ ಉಪಾಯ ಮಜಾ ಇದೆ. ಹೊರಗಿನಿಂದ ಬೀಗ ತಿರುಗಿಸಿ ಕೀಲಿ ಅಲ್ಲೇ ಬಿಟ್ಟಿರಬೇಕು. ನಮ್ಮ ಫ್ಲ್ಯಾಟಿನ ಬಾಗಿಲಿಗೆಲ್ಲ ನೈಟ್‌ಲ್ಯಾಚ್, ಹಾಗಾಗಿ ಕಸಬಾ ಪೇಠೆಯ ಪರಿಚಯದವರ ಹಳೇ ವಾಡೆಯೇ ಬೇಕಾಯಿತು. ಬಾಗಿಲ ಕೆಳಗಿನ ಸಂದಿಯಿಂದ ಪೇಪರ್ ಹೊರಗೆ ತಳ್ಳಿದರು. ತಂತಿಯಿಂದ ಕೀಲಿಯನ್ನು ನೂಕಿದರು. ಮೊದಲ ಸಲ ಅದು ಪೇಪರಿನ ಮೇಲೆ ಬಿದ್ದು ಪುಟಿದು ಕಲ್ಲಿನ ನೆಲಕ್ಕೆ ಹಾರಿತು. ಪೇಪರನ್ನು ನಾಲ್ಕು ಮಡಿಕೆ ಮಾಡಿ ಮತ್ತೆ ನೂಕಿದಾಗ ಧಪ್ಪೆಂದು ಕೂತಿತು, ಆದರೆ ಈಗ ಮಡಿಕೆಯ ದಪ್ಪಕ್ಕೆ ಸಂದಿ ಸಾಲದು. ಏಳು ವರ್ಷದವನ ಬೆರಳು ಮಾತ್ರ ಆ ಸಂದಿಯಲ್ಲಿ ಹಿಡಿಸಿತು, ಅವನೇ ಕೀಲಿ ಎಳೆದ. ವಾಡೆಯ ಅಜ್ಜಿ ನಾಳೆಯೇ ಬೀಗ ಬದಲಾಯಿಸುತ್ತೇನೆ ಎಂದರು.

ಅಮೆರಿಕದ ತ್ರೀ ಇನ್ವೆಸ್ಟಿಗೇಟರ್ಸ್ ನನ್ನ ಮೆಚ್ಚಿನದು. ಮುಖಪುಟದ ಮೇಲೆ ಸಿನಿಮಾ ನಿರ್ದೇಶಕ ಆಲ್ಫ್ರೆಡ್ ಹಿಚ್‌ಕಾಕ್ ಹೆಸರು ದೊಡ್ಡದಾಗಿದ್ದರೂ ಹುಟ್ಟುಹಾಕಿದವರು ರಾಬರ್ಟ್ ಆರ್ಥರ್, ಮೊದಲ ಪುಸ್ತಕ 1964ರದು. ಮೂವರೂ ಹುಡುಗರು, ಹುಡುಗಿ ಇಲ್ಲ, ಅದೊಂದು ಕೊರತೆ. ಆದರೆ ಕೆಲಸ ಹಂಚಿದ ರೀತಿ ನೋಡಿ. ಜ್ಯೂಪಿಟರ್ ಯೋಚಿಸುತ್ತಾನೆ, ಪೀಟ್ ಹತ್ತುತ್ತಾನೆ ಓಡುತ್ತಾನೆ, ಲೈಬ್ರರಿಯಲ್ಲಿ ಕೆಲಸ ಮಾಡುವ ಬಾಬ್ ಹಳೇ ಪತ್ರಿಕೆ ತೆಗೆದು ಮಾಹಿತಿ ತರುತ್ತಾನೆ. ಒಬ್ಬನನ್ನು ತೆಗೆದರೆ ಕಥೆ ನಿಂತುಹೋಗುತ್ತದೆ. ಕಚೇರಿ ಎಂದರೆ ಗುಜರಿ ಅಂಗಡಿಯ ರಾಶಿಯೊಳಗೆ ಹೂತುಹೋದ ಹಳೇ ಟ್ರೇಲರ್, ಒಳಗೆ ಹೋಗಲು ಕಳ್ಳದಾರಿಗಳು. ದೆವ್ವ ಬರುತ್ತದೆ, ಆದರೆ ಕೊನೆಗೆ ದೆವ್ವಕ್ಕೊಂದು ಕಾರಣವೂ ಬರುತ್ತದೆ. ಪಕ್ಕದ ಮನೆಯ ಅಜ್ಜಿ ದೃಷ್ಟಿ ತೆಗೆಯುವುದನ್ನು ನೋಡಿ ಬೆಳೆಯುತ್ತಿರುವ ಮಕ್ಕಳಿಗೆ ಇದು ಸ್ವಲ್ಪ ಬೇಕು.

ಇದರಲ್ಲಿ ಒಂದು ಫೋನ್ ಜಾಲವಿದೆ. ಏನಾದರೂ ಹುಡುಕಬೇಕಾದರೆ ಮೂವರೂ ತಲಾ ಐದು ಗೆಳೆಯರಿಗೆ ಫೋನ್ ಮಾಡುತ್ತಾರೆ, ಅವರು ತಲಾ ಐವರಿಗೆ. ದೊಡ್ಡವಳು ಅಲ್ಲೇ ಲೆಕ್ಕ ಹಾಕಿದಳು: 15, 75, 375. ವಾಟ್ಸಾಪ್ ಫಾರ್ವರ್ಡ್ ಅನ್ನು 1964ರಲ್ಲೇ ಬರೆದಿಟ್ಟಿದ್ದಾನಲ್ಲ ಎಂದು ನಮ್ಮ ಮನೆಯವರು ಅಡುಗೆಮನೆಯಿಂದಲೇ ಕೂಗಿದರು. ಆದರೆ ಏಳು ವರ್ಷದವನಿಗೆ ಇದು ಭಾರ. ಸುಳಿವುಗಳು ಸಿಕ್ಕಾಪಟ್ಟೆ, ಒಂದು ರಾತ್ರಿ ತಪ್ಪಿದರೆ ಎಳೆ ಹರಿಯುತ್ತದೆ. ಹತ್ತು ದಾಟಿದವರಿಗೆ ಕೊಡಿ.

ಸಣ್ಣವರಿಗೂ ದೊಡ್ಡವರಿಗೂ ಒಟ್ಟಿಗೆ ನಡೆದದ್ದು ಎಲ್ಲಕ್ಕಿಂತ ಹಳೆಯದು: ಎರಿಕ್ ಕೆಸ್ಟ್ನರ್ 1929ರಲ್ಲಿ ಜರ್ಮನ್‌ನಲ್ಲಿ ಬರೆದ ಎಮಿಲ್ ಕಥೆ. ಅಮ್ಮ ಅಜ್ಜಿಗೆಂದು ಕೊಟ್ಟ ದುಡ್ಡು ಸೇರಿ 140 ಮಾರ್ಕ್, ಕೋಟಿನ ಒಳಜೇಬಿಗೆ ಗುಂಡುಪಿನ್ನು ಚುಚ್ಚಿಕೊಂಡು ಬರ್ಲಿನ್ನಿಗೆ ರೈಲು ಹತ್ತುತ್ತಾನೆ. ನಿದ್ದೆ ಹೋಗುತ್ತಾನೆ. ಎದ್ದರೆ ದುಡ್ಡಿಲ್ಲ, ಎದುರು ಕೂತಿದ್ದ ಟೋಪಿಯವನೂ ಇಲ್ಲ. ಪೊಲೀಸರ ಹತ್ತಿರ ಹೋಗುವಂತಿಲ್ಲ, ಊರಿನಲ್ಲಿ ಪ್ರತಿಮೆಯೊಂದಕ್ಕೆ ಕೆಂಪು ಮೂಗು, ಮೀಸೆ ಬರೆದು ಬಂದಿದ್ದಾನೆ! "ಟ್ರೇನಿನ್ಯಾಗ ಸಿಸಿಟಿವಿ ಇದ್ದಿದ್ದಿಲ್ಲೇನ್ರಿ?" ಎಂದು ಪ್ರಶ್ನೆ ಬಂತು, ಬರಲೇಬೇಕು. ಮುಂದೆ ಬರ್ಲಿನ್ನಿನ ಬೀದಿ ಹುಡುಗರೆಲ್ಲ ಸೇರಿ ಕಳ್ಳನ ಹಿಂದೆ ಬೀಳುತ್ತಾರೆ. ಆ ಗುಂಪಿನಲ್ಲಿ 'ಮಂಗಳವಾರ' ಎಂಬ ಹೆಸರಿನ ಪುಟ್ಟ ಹುಡುಗನೊಬ್ಬನಿದ್ದಾನೆ. ಎಲ್ಲರೂ ಓಡುವಾಗ ಅವನು ಮನೆಯಲ್ಲಿ ಫೋನಿನ ಹತ್ತಿರ ಕೂರಬೇಕು. ಸುದ್ದಿ ತೆಗೆದುಕೊಳ್ಳುವುದು, ಕೊಡುವುದು, ಅಷ್ಟೇ. ಅವನಿಗೂ ಓಡುವ ಆಸೆ, ಆದರೆ ಏಳುವುದಿಲ್ಲ. ಕೊನೆಗೆ ಎಮಿಲ್‌ನ ಅಜ್ಜಿ ಎಲ್ಲರೆದುರು ಹೊಗಳುವುದು ಅವನನ್ನು. ತಂಡದ ಕೆಲಸ ಎನ್ನುವುದನ್ನು ಇಷ್ಟು ಚೊಕ್ಕಟವಾಗಿ ಬೇರೆ ಯಾವ ಸರಣಿಯೂ ತೋರಿಸಿಲ್ಲ. ಇನ್ನು ಬ್ಯಾಂಕಿನಲ್ಲಿ ದುಡ್ಡು ಎಮಿಲ್‌ನದೇ ಎಂದು ಸಾಬೀತಾಗುವ ಬಗೆ ಹೇಳಬಾರದು. ಗುಂಡುಪಿನ್ನನ್ನು ನೆನಪಿಟ್ಟುಕೊಂಡ ಮಗು ಎರಡು ಪುಟ ಮೊದಲೇ ಕೂಗುತ್ತದೆ. ನಮ್ಮಲ್ಲಿ ಕೂಗಿದ್ದು ದೊಡ್ಡವರಲ್ಲ.

ಫಾಸ್ಟರ್ ಫೆಣೆಯನ್ನು ಈ ಸಾಲಿನಲ್ಲಿ ಇಡಬೇಕೋ ಬೇಡವೋ ಎಂದು ನನಗೆ ಅನುಮಾನವಿತ್ತು, ಪುಣೆಯಲ್ಲಿದ್ದು ಬಿಟ್ಟರೆ ಮರಾಠಿ ನೆರೆಯವರು ಸುಮ್ಮನಿರುವುದಿಲ್ಲ. ಭಾ. ರಾ. ಭಾಗವತರು, ಜೂಲ್ಸ್ ವರ್ನ್‌ನನ್ನು ಮರಾಠಿಗೆ ತಂದವರು, ಹುಟ್ಟಿಸಿದ ಸಣಕಲು ಹುಡುಗ ಬನೇಶ್ ಫೆಣೆ. ಸೈಕಲ್ಲು, ಧೈರ್ಯ, ನಾಲಿಗೆಯಿಂದ 'ಟ್ಟಾಕ್' ಎನ್ನುವ ಸದ್ದು. ಅವನ ಊರು ಫುರಸುಂಗಿ. ಈಗಿನ ಪುಣೆಯವರಿಗೆ ಫುರಸುಂಗಿ ಎಂದರೆ ಕಸದ ಡಿಪೋ, ಇಲ್ಲವೇ ಐಟಿ ಪಾರ್ಕು. ನಮ್ಮಲ್ಲಿ ಇಬ್ಬರು ಮಕ್ಕಳ ಅಪ್ಪಂದಿರು ದಿನಾ ಅಲ್ಲಿಗೇ ಹೋಗುತ್ತಾರೆ. ಅಪ್ಪನ ಆಫೀಸಿನ ಊರಲ್ಲಿ ಇಂಥ ಹುಡುಗ ಓಡಾಡಿದ್ದನೆಂದರೆ ಅವರಿಗೆ ನಂಬಿಕೆಯೇ ಇಲ್ಲ. ನನ್ನ ಅಳತೆಗೆ ಈ ಪುಸ್ತಕಗಳು ಪಾಸಾಗುವುದಿಲ್ಲ. ಫೆಣೆಗೆ ಗೆಳೆಯರಿದ್ದಾರೆ, ಆದರೆ ಸಾಹಸವೆಲ್ಲ ಅವನೊಬ್ಬನದೇ, ಉಳಿದವರು ಬೆರಗಾಗಲಿಕ್ಕೆ. ಆದರೂ ಓದಿನ ಮಜಾ ಇಲ್ಲೇ ಹೆಚ್ಚು ಬಂತು. ಮರಾಠಿ ಓದುವುದರಲ್ಲಿ ನನಗಿಂತ ಮಕ್ಕಳೇ ಚುರುಕು, ಹಾಗಾಗಿ ಅವರು ಓದಿದರು, ನಾನು ಕೂತು ಕೇಳಿದೆ. 'ಟ್ಟಾಕ್' ಬಂದಾಗ ಸದ್ದು ಮಾಡುವ ಗುತ್ತಿಗೆ ಏಳು ವರ್ಷದವನದು. 2017ರ ಸಿನಿಮಾ ನೋಡಿ ಪುಸ್ತಕಕ್ಕೆ ಬರಬೇಡಿ, ಅಲ್ಲಿ ಫೆಣೆ ಬೆಳೆದ ಯುವಕ.

ಕೊಳ್ಳುವ ವಿಚಾರ. ಬ್ಲೈಟನ್ ಎಲ್ಲ ಕಡೆ ಇದೆ. ಫೆಣೆ ಪುಣೆಯ ಅಪ್ಪಾ ಬಳವಂತ ಚೌಕದ ಪುಸ್ತಕದಂಗಡಿಗಳಲ್ಲಿ ಸಿಕ್ಕೀತು. ತ್ರೀ ಇನ್ವೆಸ್ಟಿಗೇಟರ್ಸ್‌ಗೆ ಹಳೇ ಪುಸ್ತಕದವರನ್ನೇ ಹುಡುಕಬೇಕು, ಮುಂಬಯಿಗೆ ಹೋದರೆ ಮಾಟುಂಗಾದ ಕಿಂಗ್ಸ್ ಸರ್ಕಲ್ ಫುಟ್‌ಪಾತ್ ನೋಡಿ. ದುಡ್ಡು ಕೊಡುವ ಮೊದಲು ಕೊನೆಯ ಪುಟ ಇದೆಯೇ ಎಂದು ತಿರುವಿ ನೋಡಿಕೊಳ್ಳಿ. ಕಳ್ಳ ಯಾರೆಂದು ಹೇಳದೆ ಮಕ್ಕಳನ್ನು ಮಲಗಿಸುವುದು ಯಾರ ಕೈಯಲ್ಲೂ ಆಗದ ಕೆಲಸ.