‘ನಾವೆಲ್ಲ ಒಂದೇ ಕುಟುಂಬ’ ಅಂದರೆ ಮಳೆಗಾಲದ ಸಂಬಳ ಎಷ್ಟು ಎಂದು ಕೇಳಿ

ಕೊಡಗಿನ ರೆಸಾರ್ಟ್‌ಗಳಲ್ಲಿ ಕೆಲಸ ಹುಡುಕುತ್ತಿರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ನಾನು ಸೇರಿದ್ದು ಮಡಿಕೇರಿ ಹತ್ತಿರದ ಒಂದು ರೆಸಾರ್ಟ್‌ಗೆ. ಹೆಸರು ಹಾಕುವುದಿಲ್ಲ.

ಜಾಹೀರಾತಿನಲ್ಲಿ ಕಾಫಿ ತೋಟದ ನಡುವೆ ನಗುತ್ತಾ ನಿಂತ ಸಿಬ್ಬಂದಿಯ ಫೋಟೋ ಇತ್ತು. ‘ನಾವೆಲ್ಲ ಒಂದೇ ಕುಟುಂಬ. ತಿಂಗಳಿಗೆ 22,000. ಊಟ, ವಸತಿ ಇದೆ. ಊರಿನವರಿಗೆ ಹಬ್ಬದ ರಜೆ.’ ಸುಂಟಿಕೊಪ್ಪದ ನಮ್ಮ ಮನೆಗೂ ದೂರವಿಲ್ಲ. ಅಕ್ಟೋಬರ್‌ನಲ್ಲಿ ಫ್ರಂಟ್ ಆಫೀಸಿಗೆ ಸೇರಿದೆ.

ಮೊದಲ ಸಂಬಳ ಕೈಗೆ ಬಂದಾಗ ಸುಮಾರು 15,000 ಇತ್ತು. 22,000 ಎಂದರೆ ಸಿಟಿಸಿ, ಕಂಪನಿ ನಮಗೆ ಮಾಡುವ ಒಟ್ಟು ಖರ್ಚು ಅಂತೆ. ‘ಇದೆ’ ಎಂದಿದ್ದ ಊಟ, ವಸತಿಗೆ ಅದರಲ್ಲೇ 4,000 ಲೆಕ್ಕ ಹಾಕಿದ್ದರು. ಮೂಲ ವೇತನ 12,000. ಅದರ ಶೇ 12ರಂತೆ ನನ್ನ ಪಿಎಫ್ ಪಾಲು 1,440, ಅವರ ಪಾಲು 1,440. ಎರಡೂ ಆ 22,000ದೊಳಗೇ. ಪುತ್ತರಿ ಹಬ್ಬಕ್ಕೆ ರಜೆ ಕೇಳಿದರೆ ರೂಮುಗಳೆಲ್ಲ ಭರ್ತಿ ಎಂದರು.

ಇದನ್ನೆಲ್ಲ ಸಹಿಸಿಕೊಂಡೆ. ಜೂನ್ ತಿಂಗಳನ್ನು ಸಹಿಸಲು ಆಗಲಿಲ್ಲ. ಮಳೆ ಹಿಡಿಯಿತು, ಬುಕಿಂಗ್ ನಿಂತಿತು. ‘ಹದಿನೈದು ದಿನ ಮನೆಗೆ ಹೋಗಿ, ಕರೆಯುತ್ತೇವೆ’ ಎಂದರು. ಆ ದಿನಗಳಿಗೆ ಸಂಬಳವಿಲ್ಲ. ಇಲ್ಲಿ ಜೂನ್‌ನಿಂದ ಸೆಪ್ಟೆಂಬರ್ ತನಕ ಮಳೆ ಸುರಿಯುವುದು ಯಾರಿಗೆ ಗೊತ್ತಿಲ್ಲ? ಅವರಿಗೂ ಗೊತ್ತಿತ್ತು. ಸಂದರ್ಶನದಲ್ಲಿ ಒಂದು ಮಾತೂ ಹೇಳಿರಲಿಲ್ಲ. ಮನೆಯಲ್ಲಿ ಅಪ್ಪನಿಗೆ ತೋಟದ ಕೆಲಸವೂ ಇಲ್ಲದ ಹೊತ್ತು ಅದು. ನನಗೆ ತುಂಬಾ ನೋವಾದದ್ದು ಅಲ್ಲೇ.

ಕೆಲಸ ಮಾಡಲು ಎಂಥ ಜಾಗ ಎಂದು ಕಂಪನಿಗಿರುವ ಹೆಸರಿಗೆ ‘ಎಂಪ್ಲಾಯರ್ ಬ್ರ್ಯಾಂಡ್’ ಅನ್ನುತ್ತಾರೆ ಎಂದು ಎಚ್‌ಆರ್ ಓದಿದ ಗೆಳತಿಯೊಬ್ಬಳು ಹೇಳಿದಳು. 1996ರಲ್ಲಿ ಟಿಮ್ ಆಂಬ್ಲರ್, ಸೈಮನ್ ಬ್ಯಾರೋ ಎಂಬಿಬ್ಬರು ಇದರ ಬಗ್ಗೆ ಲೇಖನ ಬರೆದಿದ್ದರಂತೆ. ಕೆಲಸ ಕೊಡುವವರಿಂದ ಸಿಗುವುದನ್ನು ಅವರು ಮೂರಾಗಿ ನೋಡುತ್ತಾರೆ: ಕೆಲಸದಲ್ಲಿ ಕಲಿಯುವುದು, ಹಣ, ನಮ್ಮವರು ಅನ್ನುವ ಭಾವನೆ. ಕೇಳಿದ ಕೂಡಲೇ ನನಗೆ ಅರ್ಥವಾಯಿತು. ಜಾಹೀರಾತಿನಲ್ಲಿ ಮೂರನೆಯದನ್ನೇ ದೊಡ್ಡದಾಗಿ ತೋರಿಸಿದ್ದರು. ಎರಡನೆಯದರ ಅರ್ಧ ಮುಚ್ಚಿಟ್ಟಿದ್ದರು.

ಸಂದರ್ಶನದಲ್ಲಿ ಸಂಕೋಚ ಬೇಡ. ಕೈಗೆ ಎಷ್ಟು ಬರುತ್ತದೆ, ಮಳೆಗಾಲದಲ್ಲಿ ಎಷ್ಟು, ಎರಡನ್ನೂ ಕೇಳಿ, ಪತ್ರದಲ್ಲಿ ಬರೆಸಿಕೊಳ್ಳಿ. ನಾನು ಸೇರುವಾಗ ಸುಮ್ನೆ ವಾಟ್ಸ್ಯಾಪ್ ಮೆಸೇಜ್ ನಂಬಿದ್ದೆ. 2025ರ ನವೆಂಬರ್ 21ರಂದು ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳಲ್ಲಿ ನೇಮಕಾತಿ ಪತ್ರ ಕಡ್ಡಾಯ. ಕೇಳುವುದು ನಿಮ್ಮ ಹಕ್ಕು. ಇನ್ನೊಂದು, ಅಲ್ಲಿ ಒಂದು ಮಳೆಗಾಲ ಕಳೆದವರನ್ನು ಹುಡುಕಿ ಮಾತಾಡಿ. ಡಿಸೆಂಬರ್‌ನಲ್ಲಿ ಸೇರಿದವರಿಗೆ ಎಲ್ಲವೂ ಚೆಂದವೇ ಕಾಣುತ್ತದೆ, ಅಲ್ವಾ?

ಮೊನ್ನೆ ನನ್ನ ತಂಗಿಗೆ ಕುಶಾಲನಗರದಿಂದ ಕರೆ ಬಂತು. ಮೊದಲು ಮಳೆಗಾಲದ ಸಂಬಳವನ್ನೇ ಕೇಳಿದಳು. ‘ಪತ್ರದಲ್ಲಿ ಹಾಕಿ ಕಳಿಸುತ್ತೇವೆ’ ಎಂದರು. ಇನ್ನೂ ಬಂದಿಲ್ಲ. ಬರುವ ತನಕ ಅವಳು ಬ್ಯಾಗ್ ಕಟ್ಟುವುದಿಲ್ಲ.