ಮೆನಾರ್ಡ್ಸ್ 11% ರಿಬೇಟ್: ಆರು ವರ್ಷ ಲಕೋಟೆ ಅಂಟಿಸಿದ ಮೇಲೆ

ಅಮೆರಿಕದ ಮಿಡ್‌ವೆಸ್ಟ್ ಕಡೆ ಮನೆ ಕೊಂಡವರಿಗೆ ಮೆನಾರ್ಡ್ಸ್ ಗೊತ್ತೇ ಇರುತ್ತದೆ. ವಿಸ್ಕಾನ್ಸಿನ್‌ನ ಓ ಕ್ಲೇರ್ ಮೂಲದ ಅಂಗಡಿ, ಮೊಳೆಯಿಂದ ಹಿಡಿದು ಬಾಗಿಲಿನವರೆಗೆ ಎಲ್ಲ ಸಿಗುತ್ತದೆ. ವರ್ಷದಲ್ಲಿ ಎಷ್ಟೋ ಸಲ '11%' ಬೋರ್ಡ್ ತೂಗುತ್ತದೆ. ಇಲಿನಾಯ್‌ನ ನೇಪರ್‌ವಿಲ್‌ಗೆ ಬಂದ ಹೊಸದರಲ್ಲಿ ಅದನ್ನು ಡಿಸ್ಕೌಂಟ್ ಅಂದುಕೊಂಡಿದ್ದೆ. ಕೌಂಟರ್‌ನಲ್ಲಿ ನೋಡಿದರೆ ಪೂರ್ತಿ ಬೆಲೆಯ ಬಿಲ್, ಜೊತೆಗೊಂದು ರಿಬೇಟ್ ರಸೀದಿ, ಅಂದರೆ ಕೊಟ್ಟ ಬೆಲೆಯ ಒಂದು ಪಾಲನ್ನು ಆಮೇಲೆ ಹಿಂದೆ ಪಡೆಯುವ ಚೀಟಿ. ಫಾರಂ ತುಂಬಿ, ಆ ರಸೀದಿ ಸೇರಿಸಿ, ಎಲ್ಕ್ ಮೌಂಡ್ ಅನ್ನುವ ಪುಟ್ಟ ಊರಿನ ಪೋಸ್ಟ್ ಬಾಕ್ಸಿಗೆ ಕಳಿಸಬೇಕಂತೆ!

ವಾರಗಟ್ಟಲೆ ಕಾದ ಮೇಲೆ ಬರುವುದೂ ನಗದಲ್ಲ, ಅದೇ ಅಂಗಡಿಯಲ್ಲಿ ಖರ್ಚು ಮಾಡಬೇಕಾದ ಕ್ರೆಡಿಟ್. ಲೆಕ್ಕ ಹಾಕಿ: 100 ಡಾಲರ್ ಕೊಟ್ಟು 111 ಡಾಲರ್ ಸಾಮಾನು ತಂದಂತೆ. ನಿಜವಾದ ಉಳಿತಾಯ 9.9%. ಅದೂ ಟ್ಯಾಕ್ಸ್ ಸೇರದ ಬೆಲೆಯ ಮೇಲೆ. ಮತ್ತೆ ಆ ಅಂಗಡಿಗೆ ಹೋಗುವ ಕೆಲಸ ಇಲ್ಲದವರಿಗೆ ಸೊನ್ನೆ.

ನನಗೆ ಹೋಗುವ ಕೆಲಸ ಇತ್ತು. ಬೇಸ್‌ಮೆಂಟ್ ಕಟ್ಟಿಸುವಾಗ ಟೂ ಬೈ ಫೋರ್ ಮರ, ಗೋಡೆಗೆ ಡ್ರೈವಾಲ್ ಹಲಗೆ, ಪೇಂಟ್ ಅಂತ ಸುಮಾರು 4,200 ಡಾಲರ್ ಸುರಿದೆ. ದೊಡ್ಡ ಖರೀದಿಯನ್ನೆಲ್ಲ ರಿಬೇಟ್ ವಾರಕ್ಕೇ ತಳ್ಳಿದೆ. ತಿರುಗಿ ಬಂದ 462ರಲ್ಲಿ ಮೆಟ್ಟಿಲಿನ ಕೈಕಂಬಿ, ಲೈಟುಗಳು ಆದವು. ಆಗ ಊರಿಂದ ಬಂದಿದ್ದ ಅಪ್ಪ ನಾನು ವಿಳಾಸ ಬರೆಯುವುದನ್ನು ನೋಡಿ, "ಇಷ್ಟು ಬರೆಯೋ ಬದ್ಲು ಅಂಗಡಿಯವನ ಹತ್ರ ಚೌಕಾಸಿ ಮಾಡಬಾರ್ದೇನೋ?" ಅಂದರು. ಉತ್ತರ ಹೊಳೆಯಲಿಲ್ಲ.

ಚಿಲ್ಲರೆ ಸಾಮಾನಿಗೆ ತಲೆ ಕೆಡಿಸಿಕೊಳ್ಳಬೇಡಿ. 2025ರ ಜುಲೈನಲ್ಲೇ ಸ್ಟಾಂಪಿಗೆ 78 ಸೆಂಟ್ ಆಗಿತ್ತು. ಏಳು ಡಾಲರಿಗಿಂತ ಕಡಿಮೆ ಬಿಲ್ಲಿನ ರಿಬೇಟ್ ಆ ಸ್ಟಾಂಪಿಗೂ ಸಾಲದು. ಒಂದೇ ಸೇಲಿನ ರಸೀದಿಗಳನ್ನು ಕೂಡಿಟ್ಟು ಒಂದೇ ಲಕೋಟೆಯಲ್ಲಿ ಹಾಕುತ್ತೇನೆ, ಕಡೇ ದಿನಾಂಕ ಮಾತ್ರ ಮೀರಬಾರದು. ಹಾಕುವ ಮುಂಚೆ ಫೋಟೊ. ರಸೀದಿ ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಬಿಟ್ಟರೆ ಬಿಸಿಲಿಗೆ ಕಾಗದ ಕಪ್ಪಾಗುತ್ತದೆ, ಅನುಭವದ ಮಾತು. ಅಂಚೆಯಲ್ಲಿ ಬಂದ ರಿಬೇಟ್ ಕಾರ್ಡನ್ನು ನಮ್ಮವಳು ಒಮ್ಮೆ ಜಾಹೀರಾತು ಅಂದುಕೊಂಡು ಕಸಕ್ಕೆ ಹಾಕಿದ್ದಳು. ಬುಟ್ಟಿ ಮಗುಚಿ ಹುಡುಕಿದೆ.

ಬೇರೆ ಕಡೆಯ ರಿಬೇಟ್‌ಗಳಲ್ಲಿ ಇನ್ನೊಂದು ಗುಂಡಿ ಇದೆ. ಹೆಸರು ಬೇಡ, ಒಂದು ಕಂಪನಿಯ ರೌಟರ್ ತಂದು, ರಿಬೇಟಿಗೆಂದು ಡಬ್ಬಿಯ ಬಾರ್‌ಕೋಡ್ ಕತ್ತರಿಸಿ ಕಳಿಸಿದೆ. ಮೂರನೇ ದಿನ ರೌಟರ್ ಸತ್ತಿತು. ಬಾರ್‌ಕೋಡ್ ಇಲ್ಲದ ಡಬ್ಬಿಯನ್ನು ಅಂಗಡಿಯವರು ಮುಟ್ಟಲಿಲ್ಲ. ಅಂದಿನಿಂದ ವಸ್ತುವನ್ನು ಒಂದು ವಾರವಾದರೂ ಓಡಿಸದೆ ಕತ್ತರಿ ಹಿಡಿಯುವುದಿಲ್ಲ.

ಮೆನಾರ್ಡ್ಸ್‌ಗೆ ನನ್ನ ಕಡೆಯಿಂದ ಐದಕ್ಕೆ ನಾಲ್ಕು. ಸದ್ಯ ಫ್ರಿಜ್ ಬಾಗಿಲಿನಲ್ಲಿ ಮೂರು ಕಾರ್ಡು, ಒಟ್ಟು 38 ಡಾಲರ್ 60 ಸೆಂಟ್. ಹಿಮ ಕರಗಿದ ಮೇಲೆ ಬದನೆ ಗಿಡದ ಮಣ್ಣಿಗೆ ಅಂತ ಎತ್ತಿಟ್ಟಿದ್ದೇನೆ.